ನಾಲ್ಕು ಚಳಿನಾಡಿನ ಒಂದು ಬಿಳಿ ವೈನು: ಬೆರಕೆಗೂ ಒಂದು ಕಟ್ಟಳೆಯಿದೆ

ಕಲಬೆರಕೆ ಎಂಬ ಮಾತು ಕೇಳಿದರೆ ರೈತನ ಮೈ ಉರಿಯುತ್ತದೆ. ಬಿತ್ತನೆ ಬೀಜಕ್ಕೆ ಹಳೆಯ ಕಾಳು, ಗೊಬ್ಬರಕ್ಕೆ ಮಣ್ಣು ಬೆರೆಸಿ ಮಾರುವವರಿಂದ ನೊಂದವನು ಅವನು. ಆದರೆ ಬೆರೆಸಿದ್ದೆಲ್ಲ ಕಲಬೆರಕೆಯಲ್ಲ. ಅಕ್ಕಿಯೆಷ್ಟು, ಉದ್ದೆಷ್ಟು ಎಂಬ ಲೆಕ್ಕ ತಪ್ಪಿದರೆ ದೋಸೆ ಏಳುವುದಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು ಹದವಾಗಿ ಸೇರಿದಾಗಲೇ ಸಾರಿಗೆ ರುಚಿ. ಹದವರಿತು ಬೆರೆಸುವುದು ಒಂದು ವಿದ್ಯೆ. ಆ ವಿದ್ಯೆಯಿಂದ ಹೆಸರನ್ನೂ ಬೆಲೆಯನ್ನೂ ಗಳಿಸಿದ ಒಂದು ಪದಾರ್ಥದ ವಿಷಯವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇವೆ. ಅದು ಆಸ್ಟ್ರೇಲಿಯಾದ ನಾಲ್ಕು ಚಳಿನಾಡುಗಳ ದ್ರಾಕ್ಷಿಯಿಂದ ತಯಾರಾಗುವ ಒಂದು ಬಿಳಿ ವೈನು.

ಕುಮಟಾ ತಾಲೂಕಿನ ಹೊಳನಗದ್ದೆಯಲ್ಲಿ ಕಡಲ ಗಾಳಿಗೆ ಮೈಯೊಡ್ಡಿ ಭತ್ತ, ತೆಂಗು ಬೆಳೆಯುವವರಿಗೆ ವೈನಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಕುಡಿಯಿರಿ ಎಂದು ಹೇಳಲು ಈ ಲೇಖನ ಬರೆದಿಲ್ಲ. ವೈನಿನ ರುಚಿ ನೋಡುವುದನ್ನೇ ಉದ್ಯೋಗ ಮಾಡಿಕೊಂಡವರು ಸಹ ನುಂಗುವುದಿಲ್ಲ. ಬಾಯಲ್ಲಿ ಆಡಿಸಿ ಉಗುಳುತ್ತಾರೆ. ನಮಗೆ ಬೇಕಾದದ್ದು ಅವರ ನಾಲಿಗೆಯ ಲೆಕ್ಕ. ಹಲವು ತೋಟಗಳ ಬೆಳೆ ಒಂದೇ ಪಾತ್ರೆಗೆ ಬಿದ್ದಾಗ ಒಬ್ಬೊಬ್ಬ ರೈತನ ಶ್ರಮ ಏನಾಗುತ್ತದೆ, ಅವನ ಊರಿನ ಹೆಸರು ಎಲ್ಲಿಗೆ ಹೋಗುತ್ತದೆ, ಬೆಲೆ ಯಾರ ಕೈಗೆ ಸೇರುತ್ತದೆ ಎಂಬ ಪ್ರಶ್ನೆಗೆ ಈ ವೈನಿನ ಕಥೆಯಲ್ಲಿ ಉತ್ತರವಿದೆ. ಆ ಪ್ರಶ್ನೆ ಗೇರುಬೀಜ, ಮುರುಗಲು, ಅಡಿಕೆ ಮಾರುವ ನಿಮ್ಮದೂ ಹೌದು.

ಚಳಿ ಏಕೆ ಬೇಕು?

ದ್ರಾಕ್ಷಿಯ ಕಾಯಿ ಮೊದಲಿಗೆ ಬರಿ ಹುಳಿ. ಹಣ್ಣಾಗುತ್ತ ಬಂದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಆ ಹುಳಿಯಲ್ಲಿ ಮುಖ್ಯವಾದವು ಎರಡು. ಒಂದು ಟಾರ್ಟಾರಿಕ್ ಆಮ್ಲ. ಹೆಸರು ಹೊಸದಾದರೂ ರುಚಿ ನಿಮಗೆ ಹೊಸದಲ್ಲ. ನಮ್ಮ ಹುಣಸೆಹಣ್ಣಿನ ಹುಳಿ ಅದೇ. ಇನ್ನೊಂದು ಮ್ಯಾಲಿಕ್ ಆಮ್ಲ. ಹಸಿರು ಸೇಬನ್ನು ಕಚ್ಚಿದಾಗ ಹಲ್ಲು ಚುಳ್ಳೆನ್ನಿಸುವ ಹುಳಿ ಅದರದು. ಈ ಎರಡನೆಯ ಹುಳಿ ಸೆಕೆಗೆ ನಿಲ್ಲುವುದಿಲ್ಲ. ಹಗಲೂ ರಾತ್ರಿಯೂ ಬಿಸಿಯಿದ್ದರೆ ಬಳ್ಳಿ ಅದನ್ನು ತನ್ನ ಉಸಿರಾಟಕ್ಕೆ ಖರ್ಚು ಮಾಡಿಬಿಡುತ್ತದೆ. ಆಗ ಹಣ್ಣು ಬೇಗ ಸಿಹಿಯಾಗುತ್ತದೆ, ಆದರೆ ಸಪ್ಪೆಯಾಗಿ ಉಳಿಯುತ್ತದೆ. ಪರಿಮಳ ಕೂಡಿಬರಲು ಕಾಲ ಸಾಲುವುದಿಲ್ಲ.

ರಾತ್ರಿ ತಂಪಾದ ಕಡೆ ಹಣ್ಣು ನಿಧಾನವಾಗಿ ಮಾಗುತ್ತದೆ. ಸಕ್ಕರೆ ಕೂಡುತ್ತದೆ, ಹುಳಿಯೂ ಉಳಿಯುತ್ತದೆ, ಸಿಪ್ಪೆಯಲ್ಲಿ ಪರಿಮಳ ತುಂಬಿಕೊಳ್ಳುತ್ತದೆ. ಬಿಳಿ ವೈನಿಗೆ ಹುಳಿಯೇ ಬೆನ್ನೆಲುಬು. ಕೆಂಪು ವೈನಿಗಾದರೆ ಸಿಪ್ಪೆಯ ಒಗರಿನ ಆಸರೆಯುಂಟು. ಬಿಳಿಗೆ ಆ ಆಸರೆಯಿಲ್ಲ. ಆದ್ದರಿಂದ ಬಿಳಿ ವೈನು ಮಾಡುವವರು ಚಳಿಯ ಊರುಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಚಳಿ ಬರುವ ದಾರಿ ಮೂರು. ಭೂಮಧ್ಯರೇಖೆಯಿಂದ ದೂರ ಹೋದರೆ ಚಳಿ. ಎತ್ತರಕ್ಕೆ ಹತ್ತಿದರೆ ಚಳಿ. ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ತಣ್ಣನೆಯ ಕಡಲ ಗಾಳಿ ಬೀಸುವಲ್ಲಿಯೂ ಚಳಿ. ನಮ್ಮ ಕಡಲ ಗಾಳಿ ಸೆಕೆಯನ್ನೇ ಹೊತ್ತು ತರುತ್ತದೆ; ದಕ್ಷಿಣ ಸಮುದ್ರದ ಗಾಳಿ ಹಾಗಲ್ಲ.

ನಾಲ್ಕು ಊರು, ಒಂದು ಸೀಸೆ

ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ ಎಂಬ ವೈನ್ ಸಂಸ್ಥೆ 1844ರಲ್ಲಿ ಆರಂಭವಾದದ್ದು. ಅಡಿಲೇಡ್ ನಗರದ ಬಳಿ ಒಬ್ಬ ಡಾಕ್ಟರು ಶುರುಮಾಡಿದ ತೋಟ ಅದರ ಮೂಲ. ಗ್ರೇಂಜ್ ಎಂಬ ಅದರ ಕೆಂಪು ವೈನು ಬೇರೆ ಬೇರೆ ಊರುಗಳ ಹಣ್ಣನ್ನು ಬೆರೆಸಿ ಮಾಡಿದ್ದಾಗಿಯೇ ಪ್ರಸಿದ್ಧಿ ಪಡೆಯಿತು. ಅದಕ್ಕೆ ಸರಿದೊರೆಯಾದ ಒಂದು ಬಿಳಿ ವೈನು ಬೇಕೆಂದು ಆ ಸಂಸ್ಥೆಯವರು 1990ರ ದಶಕದ ಮೊದಲಲ್ಲಿ ಕೆಲಸಕ್ಕೆ ಕೈಹಾಕಿದರು. 1995ರ ಕುಯಿಲಿನ ಹಣ್ಣಿನಿಂದ ಮಾಡಿದ್ದನ್ನು 1998ರಲ್ಲಿ ಪೇಟೆಗೆ ಬಿಟ್ಟರು. ಅದಕ್ಕಿಟ್ಟ ಹೆಸರು ಯಟ್ಟಾರ್ನಾ. ಅಲ್ಲಿನ ಮೂಲನಿವಾಸಿಗಳ ಮಾತಿನಿಂದ ತೆಗೆದುಕೊಂಡ ಈ ಪದಕ್ಕೆ 'ಸ್ವಲ್ಪ ಸ್ವಲ್ಪವಾಗಿ' ಎಂದು ಅರ್ಥ.

ಸೀಸೆಯ ಮೇಲೆ 144 ಎಂಬ ಅಂಕಿಯೂ ಇರುತ್ತದೆ. ಮಾರಾಟಕ್ಕೆ ಬಿಡುವ ಮುನ್ನ ನಡೆಸಿದ ಪ್ರಯೋಗಗಳ ಸಂಖ್ಯೆ ಅದು. 144 ಸಲ ಮಾಡಿ ನೋಡಿದ ಮೇಲೆ ಒಂದನ್ನು ಒಪ್ಪಿದರು.

ಇದಕ್ಕೆ ಬಳಸುವ ದ್ರಾಕ್ಷಿ ಒಂದೇ ಜಾತಿಯದು. ಫ್ರಾನ್ಸಿನ ಬರ್ಗಂಡಿ ಸೀಮೆಯ ಷಾರ್ಡೊನೆ. ಜಾತಿ ಒಂದಾದರೂ ಊರು ಹಲವು. ಇತ್ತೀಚಿನ ವರ್ಷಗಳ ಸೀಸೆಗಳಲ್ಲಿ ಸಾಮಾನ್ಯವಾಗಿ ಸೇರುವ ಊರುಗಳು ಇವು:

ಟ್ಯಾಸ್ಮೇನಿಯಾ: ಆಸ್ಟ್ರೇಲಿಯಾದ ದಕ್ಷಿಣಕ್ಕೆ, ಸುಮಾರು 240 ಕಿ.ಮೀ. ಕಡಲಿನಾಚೆ ಇರುವ ದ್ವೀಪ. ನಾಲ್ಕರಲ್ಲಿ ಅತ್ಯಂತ ದಕ್ಷಿಣದ್ದು. ಇಲ್ಲಿನ ರಸದಲ್ಲಿ ಹುಳಿ ಮುಂದು, ಲಿಂಬೆಯಂಥ ಚುರುಕು.

ಟುಂಬರುಂಬಾ: ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಹಿಮ ಬೀಳುವ ಬೆಟ್ಟಸಾಲಿನ ಪಡುವಣ ಸೆರಗಿನಲ್ಲಿದೆ. ಎತ್ತರದಿಂದ ಬಂದ ಚಳಿ. ಚಕ್ಕೋತದ ತೊಳೆಯನ್ನು ನೆನಪಿಗೆ ತರುವ ವಾಸನೆ.

ಅಡಿಲೇಡ್ ಬೆಟ್ಟಗಳು: ಬಿಸಿಲ ನಾಡಿನ ನಡುವೆ ಎದ್ದು ನಿಂತ ತಂಪು ಗುಡ್ಡಗಳು. ಹಗಲು ಬಿಸಿಲು, ರಾತ್ರಿ ತಂಪು. ಪೀಚ್ ಹಣ್ಣಿನಂಥ ಮೆದು ಸಿಹಿವಾಸನೆ, ಮೈದುಂಬಿದ ರಸ.

ಹೆಂಟಿ: ವಿಕ್ಟೋರಿಯಾ ರಾಜ್ಯದ ನೈಋತ್ಯ ಮೂಲೆ. ದಕ್ಷಿಣ ಸಮುದ್ರದ ತಣ್ಣನೆಯ ಗಾಳಿ ನೇರವಾಗಿ ತಟ್ಟುವ ಜಾಗ. ಹುಳಿ ತೆಳ್ಳಗೆ, ಬಹಳ ಹೊತ್ತು ನಿಲ್ಲುವಂಥದು.

ನಾಲ್ಕೂ ಬೇರೆ ಬೇರೆ ರಾಜ್ಯಗಳಲ್ಲಿವೆ. ಪ್ರತಿ ವರ್ಷವೂ ನಾಲ್ಕರ ಪಾಲು ಒಂದೇ ಇರುವುದಿಲ್ಲ. ಊರುಗಳ ಪಟ್ಟಿಯೂ ಬದಲಾಗುವುದುಂಟು. ಮೊದಲ ವರ್ಷಗಳಲ್ಲಿ ಬೇರೆ ಊರುಗಳ ಹಣ್ಣೂ ಸೇರಿತ್ತು. ಬರಬರುತ್ತ ಹೆಚ್ಚು ಚಳಿಯ ಕಡೆಗೆ ಸರಿದರು. ಒಂದು ಕಡೆ ಮಂಜು ಬಿದ್ದು ಹೂವು ಕರಕಾದರೆ ಅಥವಾ ಕುಯಿಲಿಗೆ ಮುಂಚೆ ಮಳೆ ಹಿಡಿದರೆ ಆ ಊರಿನ ಪಾಲು ಇಳಿಸಿ ಇನ್ನೊಂದರ ಪಾಲು ಏರಿಸಬಹುದು. ಬೆರಕೆಯ ಮೊದಲ ಲಾಭ ಇದು. ಮಳೆ ಕೈಕೊಟ್ಟ ವರ್ಷವೂ ಸರಕು ಕೆಡುವುದಿಲ್ಲ.

ಬಿಳಿ ವೈನು ಆಗುವ ಬಗೆ

ಹಣ್ಣನ್ನು ಹಿಂಡಿ, ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿ, ರಸವನ್ನಷ್ಟೇ ಹುದುಗು ಬರಿಸಿದರೆ ಬಿಳಿ ವೈನು. ಸಿಪ್ಪೆ ಸಮೇತ ಹುದುಗಿಸಿದರೆ ಬಣ್ಣವೂ ಒಗರೂ ಇಳಿದು ಕೆಂಪು ವೈನು. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಬಿಡುತ್ತದೆ. ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ 1 ಮದ್ಯಸಾರ. 750 ಮಿ.ಲೀ. ಸೀಸೆಯೊಂದಕ್ಕೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ದ್ರಾಕ್ಷಿ ಬೇಕಾಗುತ್ತದೆ.

ಷಾರ್ಡೊನೆಯ ರಸವನ್ನು ಓಕ್ ಮರದ ಪೀಪಾಯಿಗಳಲ್ಲಿ ಕೆಲವು ತಿಂಗಳು ಇಡುತ್ತಾರೆ. ಅಲ್ಲಿ ಇನ್ನೊಂದು ಬದಲಾವಣೆ ಆಗುವುದುಂಟು. ಮೊಸರು ಹೆಪ್ಪುಗಟ್ಟಿಸುವ ಜೀವಿಗಳ ದಾಯಾದಿಗಳು ಸೇಬಿನ ಹುಳಿಯನ್ನು ಮೊಸರಿನ ಹುಳಿಯಾಗಿ ಮಾರ್ಪಡಿಸುತ್ತವೆ. ಚುಳ್ಳೆನ್ನುವ ಹುಳಿ ಮೆತ್ತಗಾಗುತ್ತದೆ, ಬೆಣ್ಣೆಯ ವಾಸನೆ ಸುಳಿಯುತ್ತದೆ. ಎಷ್ಟು ಆಗಗೊಡಬೇಕು ಎಂಬುದು ಮಾಡುವವನ ಕೈಗುಣ.

ಇಲ್ಲಿ ಒಂದು ಮಾತನ್ನು ಗಮನಿಸಿ. ನಾಲ್ಕು ಊರಿನ ಹಣ್ಣು ಬಂದೊಡನೆ ಒಂದೇ ತೊಟ್ಟಿಗೆ ಸುರಿಯುವುದಿಲ್ಲ. ಪ್ರತಿ ತೋಟದ ರಸವೂ ಬೇರೆ, ಪೀಪಾಯಿಯೂ ಬೇರೆ, ಚೀಟಿಯೂ ಬೇರೆ. ತಿಂಗಳುಗಟ್ಟಲೆ ಬೇರೆಯಾಗಿಯೇ ಇಟ್ಟು, ಒಂದೊಂದನ್ನೂ ರುಚಿ ನೋಡಿ, ಕೊನೆಗೆ ಆಯ್ದು ಬೆರೆಸುತ್ತಾರೆ. ಹದಕ್ಕೆ ಬಾರದ ಪೀಪಾಯಿ ಕಡಿಮೆ ಬೆಲೆಯ ವೈನಿಗೆ ಹೋಗುತ್ತದೆ.

ರುಚಿ ನೋಡುವ ಕ್ರಮ

ರುಚಿ ನೋಡುವ ಕೋಣೆಯಲ್ಲಿ ಧೂಪ, ಹೊಗೆ, ಅಡಿಗೆಯ ವಾಸನೆ ಇರಬಾರದು. ನೋಡುವವನು ಬೀಡಿ ಸೇದಿರಬಾರದು, ಕವಳ ಹಾಕಿರಬಾರದು. ಕವಳ ಹಾಕಿದ ಬಾಯಿಗೆ ಜೇನೂ ಒಂದೇ, ಜೋನಿಬೆಲ್ಲವೂ ಒಂದೇ.

ಸೀಸೆಗೆ ಬಟ್ಟೆ ಸುತ್ತಿ ಹೆಸರು ಮರೆಮಾಡುತ್ತಾರೆ. ಬೆಲೆ ಗೊತ್ತಾದರೆ ನಾಲಿಗೆ ಸುಳ್ಳು ಹೇಳುತ್ತದೆ, ದುಬಾರಿಯದು ರುಚಿಯೆನಿಸುತ್ತದೆ. ಲೋಟಗಳಿಗೆ ಅಂಕಿ ಹಾಕಿ, ಕಾಲುಭಾಗ ಮಾತ್ರ ತುಂಬುತ್ತಾರೆ. ವೈನು 10ರಿಂದ 13 ಡಿಗ್ರಿಯಷ್ಟು ತಂಪಾಗಿದ್ದರೆ ಸಾಕು. ಮಂಜುಗಡ್ಡೆಯಂತೆ ತಣ್ಣಗಾದರೆ ವಾಸನೆ ಅಡಗಿಬಿಡುತ್ತದೆ, ದೋಷವೂ ಅಡಗುತ್ತದೆ.

ಮೊದಲು ಕಣ್ಣು. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಮಾಡಿ ನೋಡುತ್ತಾರೆ. ಹೊಸ ಷಾರ್ಡೊನೆ ಹಸಿರು ಮಿಶ್ರಿತ ಹುಲ್ಲಿನ ಬಣ್ಣ. ವರ್ಷ ಕಳೆದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಹೊಸದೇ ಕಂದಾಗಿದ್ದರೆ ಗಾಳಿ ತಾಗಿ ಕೆಟ್ಟಿದೆಯೆಂದು ತಿಳಿಯಬೇಕು.

ಎರಡನೆಯದು ಮೂಗು. ಲೋಟ ಅಲುಗಿಸದೆ ಒಮ್ಮೆ, ಗಿರ್ರನೆ ಸುತ್ತಿಸಿ ಇನ್ನೊಮ್ಮೆ ಮೂಸುತ್ತಾರೆ. ಮೊದಲ ಸಲ ಹಗುರ ವಾಸನೆ ಏಳುತ್ತದೆ: ಲಿಂಬೆ, ಬಿಳಿ ಹೂವು. ಎರಡನೆಯ ಸಲ ಹಣ್ಣಿನ ವಾಸನೆ, ಅದರ ಹಿಂದೆ ಹುರಿದ ಬೀಜದಂಥ ಓಕ್ ಮರದ ವಾಸನೆ. ನಾವು ನಾಲಿಗೆಯ ರುಚಿ ಎಂದುಕೊಳ್ಳುವುದರಲ್ಲಿ ಬಹುಪಾಲು ಮೂಗಿನದೇ. ನೆಗಡಿಯಾದಾಗ ಅಪ್ಪೆಮಿಡಿ ಉಪ್ಪಿನಕಾಯಿಯೂ ಬರಿ ಉಪ್ಪು, ಹುಳಿ, ಖಾರವಾಗಿ ಉಳಿಯುವುದು ಇದೇ ಕಾರಣಕ್ಕೆ.

ಮೂರನೆಯದು ಬಾಯಿ. ಒಂದು ಗುಟುಕು ತೆಗೆದುಕೊಂಡು, ಬಾಯೊಳಗೆ ಎಲ್ಲ ಕಡೆ ಆಡಿಸಿ, ತುಟಿಯ ಸಂದಿನಿಂದ ಸ್ವಲ್ಪ ಗಾಳಿ ಎಳೆದುಕೊಳ್ಳುತ್ತಾರೆ. ಹುಳಿಗೆ ದವಡೆಯ ಬದಿಯಲ್ಲಿ ನೀರೂರುತ್ತದೆ. ಒಗರಿಗೆ ಒಸಡು ಒಣಗುತ್ತದೆ. ಮದ್ಯಸಾರ ಗಂಟಲು ಬಿಸಿಮಾಡುತ್ತದೆ. ಆಮೇಲೆ ಉಗುಳಿ, ಬಾಯಲ್ಲಿ ಉಳಿದ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ಮನಸ್ಸಿನಲ್ಲೇ ಎಣಿಸುತ್ತಾರೆ. ಸಾಮಾನ್ಯ ವೈನು ನಾಲ್ಕೈದು ಎಣಿಸುವುದರೊಳಗೆ ಮಾಯ. ಒಳ್ಳೆಯದು ಬಹಳ ಹೊತ್ತು ನಿಲ್ಲುತ್ತದೆ.

ನಾಲ್ಕನೆಯದು ಪೆನ್ಸಿಲು. ಕಂಡದ್ದನ್ನು ಬರೆದು ಮುಗಿಸುವ ತನಕ ಯಾರೂ ಮಾತಾಡಬಾರದು. ಹಿರಿಯರೊಬ್ಬರು 'ಚೆನ್ನಾಗಿದೆ' ಎಂದುಬಿಟ್ಟರೆ ಉಳಿದವರ ನಾಲಿಗೆಯೂ ಅವರ ಹಿಂದೆ ಹೋಗುತ್ತದೆ.

ಬೆರಕೆಯ ವೈನನ್ನು ಪರೀಕ್ಷಿಸುವಾಗ ಕೇಳುವ ಮುಖ್ಯ ಪ್ರಶ್ನೆ ಇದು: ಸೇರಿದ ಊರುಗಳಲ್ಲಿ ಯಾವುದೇ ಒಂದರ ವೈನಿಗಿಂತ ಈ ಮಿಶ್ರಣ ಮೇಲೆ ನಿಂತಿದೆಯೇ? ಲಿಂಬೆಯ ಚುರುಕಿನಿಂದ ಶುರುವಾಗಿ, ನಡುವೆ ಹಣ್ಣಿನ ಮೈ ಬಂದು, ಕೊನೆಗೆ ತೆಳ್ಳನೆಯ ಹುಳಿಯಲ್ಲಿ ಮುಗಿದರೆ ನಾಲ್ಕೂ ಊರು ತಮ್ಮ ಕೆಲಸ ಮಾಡಿದಂತೆ. ಮೇಳದಲ್ಲಿ ಮದ್ದಳೆಯೂ ಕೇಳಬೇಕು, ಚಂಡೆಯೂ ಕೇಳಬೇಕು, ಭಾಗವತರ ಪದ ಮಾತ್ರ ಮುಚ್ಚಿಹೋಗಬಾರದು. ನಾಲ್ಕೂ ಸೇರಿ ಯಾವುದೂ ಗುರುತಿಲ್ಲದಂತಾಗಿದ್ದರೆ ಅದು ಬೆರಕೆಯಲ್ಲ, ಬರಿ ರಾಶಿ.

ಈ ವಿದ್ಯೆ ಆಸ್ಟ್ರೇಲಿಯಾದ್ದು ಮಾತ್ರ ಎಂದು ತಿಳಿಯಬೇಡಿ. ಫ್ರಾನ್ಸಿನ ಷಾಂಪೇನ್ ಸೀಮೆಯಲ್ಲಿ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳ ದ್ರಾಕ್ಷಿತೋಟಗಳಿವೆ. ಅಲ್ಲಿನ ದೊಡ್ಡ ಸಂಸ್ಥೆಗಳು ಹಲವು ಹಳ್ಳಿಗಳ, ಹಲವು ವರ್ಷಗಳ ವೈನನ್ನು ಬೆರೆಸಿಯೇ ತಮ್ಮ ಹೆಸರು ಉಳಿಸಿಕೊಂಡಿವೆ. ಅದೂ ಚಳಿಯ ಸೀಮೆಯೇ.

ನಮ್ಮ ನಂದಿಬೆಟ್ಟದ ಬುಡದಲ್ಲಿ

ಕರ್ನಾಟಕದಲ್ಲಿ ಬಿಳಿ ವೈನಿನ ಕಥೆ ಹೇಳಬೇಕಾದರೆ ನಂದಿಬೆಟ್ಟದ ಬುಡಕ್ಕೆ ಹೋಗಬೇಕು. ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು 1980ರ ದಶಕದ ಕೊನೆಗೆ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಟ್ಟರು. 1992ರಲ್ಲಿ ಅವರ ಮೊದಲ ವೈನು ಹೊರಬಂತು. ಆ ತೋಟಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಸಾವಿನ್ಯೋ ಬ್ಲಾಂಕ್, ವಿಯೊನ್ಯೇ ಎಂಬ ಬಿಳಿ ತಳಿಗಳು ಅಲ್ಲಿ ಬರುತ್ತವೆ.

ನಂದಿಯನ್ನು ಟ್ಯಾಸ್ಮೇನಿಯಾದಂಥ ಚಳಿನಾಡು ಎನ್ನಲು ಬರುವುದಿಲ್ಲ. ಚಳಿದೇಶದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದು ಮಲಗುವುದೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲು ಒಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ ಹಣ್ಣಿಗಾಗಿ ಇನ್ನೊಮ್ಮೆ. ಹಣ್ಣು ಚಳಿಗಾಲದ ತಂಪು ರಾತ್ರಿಗಳಲ್ಲಿ ಮಾಗಿ ಜನವರಿಯಿಂದ ಮಾರ್ಚ್‌ವರೆಗೆ ಕುಯಿಲಿಗೆ ಬರುತ್ತದೆ. ನಾಡು ಚಳಿಯದಲ್ಲದಿದ್ದರೂ ಕಾಲವನ್ನು ಚಳಿಗೆ ಹೊಂದಿಸಿಕೊಂಡ ಜಾಣ್ಮೆ ಇದು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ವೈನ್ ಮಂಡಳಿಯೂ ಆಯಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಳಕೆಗೆ ಬಂದವು. ಹಿಂದಿನಿಂದ ಬೆಳೆಯುತ್ತಿದ್ದ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಹಾಗಾದರೆ ಹೊಳನಗದ್ದೆಯಲ್ಲೂ ದ್ರಾಕ್ಷಿ ನೆಡೋಣವೇ? ಬೇಡ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಎಲೆ ಒಣಗುವುದಕ್ಕೇ ಬಿಡುವಿಲ್ಲ. ಬೂಜುರೋಗ ಬಳ್ಳಿಯನ್ನು ಬಿಡುವುದಿಲ್ಲ. ರಾತ್ರಿಯ ಸೆಕೆ ಹುಳಿಯನ್ನು ಉಳಿಸುವುದಿಲ್ಲ. ನಿಮ್ಮ ಮಣ್ಣಿಗೆ ಒಪ್ಪಿದ ಹಣ್ಣು ನಿಮ್ಮ ಬೇಲಿಯಲ್ಲೇ ಇದೆ. ಅದರ ಮಾತಿಗೆ ಆಮೇಲೆ ಬರೋಣ.

ಚೀಟಿಯ ಮೇಲೆ ಊರು ಬೇಕು

ಆಸ್ಟ್ರೇಲಿಯಾದಲ್ಲಿ ವೈನ್ ಸೀಸೆಯ ಚೀಟಿಗೆ ಕಾನೂನಿನ ಕಟ್ಟಳೆಯಿದೆ. ಒಂದೇ ಊರಿನ ಹೆಸರು ಹಾಕಬೇಕಾದರೆ ಒಳಗಿನ ವೈನಿನಲ್ಲಿ ಶೇಕಡಾ 85ಕ್ಕೆ ಕಡಿಮೆಯಿಲ್ಲದಷ್ಟು ಆ ಊರಿನದೇ ಆಗಿರಬೇಕು. ಎರಡು ಮೂರು ಊರಿನ ಹೆಸರು ಹಾಕುವುದಾದರೆ ಹೆಚ್ಚು ಪಾಲಿನದು ಮೊದಲು, ಕಡಿಮೆಯದು ಆಮೇಲೆ. ಯಾವ ತೋಟದಿಂದ ಎಷ್ಟು ಬಂತೆಂಬ ಪುಸ್ತಕ ಇಡಬೇಕು. ತಪಾಸಣೆಗೆ ಬಂದವರಿಗೆ ತೋರಿಸಬೇಕು. ಕಲಬೆರಕೆಗೂ ಮಿಶ್ರಣಕ್ಕೂ ಇರುವ ಗೆರೆ ಇದೇ. ಬೆರೆಸಿದ್ದನ್ನು ಹೇಳಿ ಬೆರೆಸಿದರೆ ಮಿಶ್ರಣ, ಮುಚ್ಚಿಟ್ಟರೆ ಕಲಬೆರಕೆ.

ಯಟ್ಟಾರ್ನಾದ ಒಂದು ಸೀಸೆಗೆ ಅಲ್ಲಿ 150 ಡಾಲರಿಗೂ ಹೆಚ್ಚು ಬೆಲೆಯಿದೆ. ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿ ದಾಟುತ್ತದೆ. ನಾಲ್ಕು ಊರನ್ನು ಬೆರೆಸಿದ್ದರಿಂದ ಬೆಲೆ ಬಿದ್ದಿಲ್ಲ; ಹೆಸರಿಟ್ಟು ಬೆರೆಸಿದ್ದರಿಂದ ಏರಿದೆ.

ಹೆಸರಿಲ್ಲದೆ ಬೆರೆಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾಫಿಯೇ ಉದಾಹರಣೆ. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಒಟ್ಟು ರಾಶಿಗೆ ಒಪ್ಪಿಸಬೇಕಾಗಿತ್ತು. ಕಷ್ಟಕಾಲದಲ್ಲಿ ಬೆಳೆಗಾರನನ್ನು ಉಳಿಸಿದ ವ್ಯವಸ್ಥೆ ಅದು ಎಂಬುದೂ ನಿಜ. ದರ್ಜೆಗೆ ತಕ್ಕಂತೆ ಅಂಕ ಕೊಟ್ಟು, ಕಂತುಗಳಲ್ಲಿ ಹಣ ಕೊಡುತ್ತಿದ್ದರು. ಆದರೆ ಬಾಬಾಬುಡನ್‌ಗಿರಿಯ ಕಾಫಿಗೂ ಕೊಡಗಿನ ಕಾಫಿಗೂ ತನ್ನ ಊರಿನ ಹೆಸರು ಹೇಳಿಕೊಂಡು ಪೇಟೆಯಲ್ಲಿ ನಿಲ್ಲುವ ದಾರಿ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಬಿಟ್ಟುಕೊಟ್ಟರು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರು ಕಾಗದದ ಮೇಲೆ ಬರಲು ಇಷ್ಟು ವರ್ಷ ಹಿಡಿಯಿತು.

ನಮ್ಮ ಜಿಲ್ಲೆಯಲ್ಲೂ ಈ ವಿಷಯ ಹೊಸದಲ್ಲ. ಕುಮಟಾ ಪೇಟೆಯಲ್ಲಿ ಹಳೆ ಚಾಲಿಗೊಂದು ದರ, ಹೊಸ ಚಾಲಿಗೊಂದು ದರ, ಕೋಕಾಕ್ಕೆ, ಚಿಪ್ಪಿಗೆ ಬೇರೆ ಬೇರೆ ದರ. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಒಯ್ದರೆ ದರ ಕೋಕಾದ್ದೇ ಆಗುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿರಸಿ ಅಡಿಕೆಗೆ 2019ರಲ್ಲಿ ಗುರುತು ಬಂತು. ಅಂಕೋಲೆಯ ಕರಿ ಈಶಾಡ್ ಮಾವಿಗೆ 2023ರಲ್ಲಿ ಬಂತು. ಅಡಿಕೆಯಲ್ಲಿ ಇಷ್ಟು ಎಚ್ಚರವಿರುವ ನಾವು ಮುರುಗಲನ್ನು ಮಾತ್ರ ಎಲ್ಲರ ಮನೆಯದನ್ನೂ ಒಂದೇ ಚೀಲಕ್ಕೆ ಸುರಿದು ತೂಗಿಸಿಬಿಡುತ್ತೇವೆ.

ಮೂರು ಮನೆಯ ಮುರುಗಲು: ನೀವೇ ಮಾಡಿ ನೋಡಿ

ವೈನಿನವರ ವಿದ್ಯೆಯನ್ನು ಒಂದು ಹನಿ ಮದ್ಯವೂ ಇಲ್ಲದೆ ನಿಮ್ಮ ವಾಚನಾಲಯದ ಜಗುಲಿಯಲ್ಲೇ ಕಲಿಯಬಹುದು. ಒಂದು ಭಾನುವಾರ ಸಾಕು.

1. ಮೂರು ಮನೆಗಳಿಂದ ಒಣಗಿಸಿದ ಮುರುಗಲು ಸಿಪ್ಪೆ ತನ್ನಿ. ಸಾಧ್ಯವಾದರೆ ಒಂದು ಕಡಲಬದಿಯ ಮರದ್ದು, ಒಂದು ಗುಡ್ಡದ ಬುಡದ್ದು, ಒಂದು ಘಟ್ಟದ ಕಡೆಯದು ಇರಲಿ. ಉಪ್ಪು ಹಾಕಿ ಒಣಗಿಸಿದ್ದು ಬೇಡ.

2. ಪ್ರತಿಯೊಂದರಿಂದ 25 ಗ್ರಾಂ ತೂಗಿ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ನಾಲ್ಕು ತಾಸು ಬೇರೆ ಬೇರೆಯಾಗಿ ನೆನೆಸಿ. ಗಾಜಿನ ಅಥವಾ ಸ್ಟೀಲಿನ ಪಾತ್ರೆಯೇ ಆಗಲಿ. ತಾಮ್ರ, ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ.

3. ಹಿಂಡಿ, ಸೋಸಿ, ಮೂರಕ್ಕೂ ಒಂದೇ ಅಳತೆಯ ಸಕ್ಕರೆ ಹಾಕಿ. ಪಾತ್ರೆಗಳಿಗೆ 1, 2, 3 ಎಂದು ಗುರುತು ಮಾಡಿ. ಯಾರದು ಯಾವುದೆಂಬುದು ಒಬ್ಬರಿಗೆ ಮಾತ್ರ ಗೊತ್ತಿರಲಿ. ಅವರು ರುಚಿ ನೋಡುವವರ ಸಾಲಿನಲ್ಲಿ ಕೂರಬಾರದು.

4. ಮೊದಲು ವ್ಯತ್ಯಾಸ ನಿಜವಾಗಿ ಇದೆಯೇ ಎಂದು ಪರೀಕ್ಷಿಸಿ. ಒಬ್ಬೊಬ್ಬರ ಮುಂದೆ ಮೂರು ಲೋಟ ಇಡಿ. ಎರಡರಲ್ಲಿ ಒಂದೇ ಮನೆಯದು, ಒಂದರಲ್ಲಿ ಬೇರೆ ಮನೆಯದು. ಬೇರೆಯದು ಯಾವುದೆಂದು ಹೇಳಬೇಕು. 9 ಜನರಲ್ಲಿ 3 ಜನ ಕಣ್ಣುಮುಚ್ಚಿ ಊಹಿಸಿದರೂ ಸರಿಯಾಗಬಹುದು. 6 ಅಥವಾ ಅದಕ್ಕೂ ಹೆಚ್ಚು ಜನ ಸರಿ ಹೇಳಿದರೆ ವ್ಯತ್ಯಾಸ ಇದೆಯೆಂದು ನಂಬಬಹುದು.

5. ಆಮೇಲೆ ಮೂರನ್ನೂ ಬೇರೆ ಬೇರೆಯಾಗಿ ರುಚಿ ನೋಡಿ, ಬಣ್ಣ, ವಾಸನೆ, ಹುಳಿ, ಒಗರು, ಬಾಯಲ್ಲಿ ನಿಲ್ಲುವ ಹೊತ್ತು ಎಂದು ಐದು ಕಾಲಮಿನಲ್ಲಿ ಬರೆಯಿರಿ. ಎರಡು ಗುಟುಕಿನ ನಡುವೆ ನೀರು ಮುಕ್ಕಳಿಸಿ. ಹೊಗೆಯಲ್ಲಿ ಒಣಗಿಸಿದ್ದರೆ ವಾಸನೆ ಕೂಡಲೇ ಹೇಳುತ್ತದೆ. ಬೂಷ್ಟು ಹಿಡಿದದ್ದೂ ಮೂಗಿಗೆ ತಿಳಿಯುತ್ತದೆ.

6. ಕೊನೆಗೆ ಬೆರೆಸಿ. ಅರ್ಧ–ಅರ್ಧ, ಎರಡು ಪಾಲು–ಒಂದು ಪಾಲು, ಮೂರೂ ಸಮಪಾಲು ಹೀಗೆ ಐದಾರು ಬಗೆ ಮಾಡಿ, ಪ್ರತಿಯೊಂದರ ಅಳತೆ ಬರೆದಿಡಿ. ಬೆರೆಸಿದ್ದನ್ನು ಮೂರರಲ್ಲಿ ಅತ್ಯುತ್ತಮವಾದದ್ದರ ಪಕ್ಕದಲ್ಲಿಟ್ಟು, ಹೆಸರು ಮರೆಮಾಡಿ ನೋಡಿ. ಅದಕ್ಕಿಂತ ಮೇಲೆ ಬಂದರೆ ಮಾತ್ರ ಆ ಮಿಶ್ರಣಕ್ಕೆ ಅರ್ಥವಿದೆ. ಇಲ್ಲವಾದರೆ ಒಳ್ಳೆಯದನ್ನು ಕೆಟ್ಟದರಲ್ಲಿ ಮುಳುಗಿಸಿದಂತೆ.

ಘಟ್ಟದ ಮೇಲಿನ ಬಿಳಿ ಮುರುಗಲು ಸಿಕ್ಕರೆ ಅದನ್ನೂ ಒಂದು ಲೋಟದಲ್ಲಿ ಸೇರಿಸಿ. ಕೆಂಪಿನ ಬಣ್ಣ ನೋಡಿ ಮನಸ್ಸು ಮೊದಲೇ ತೀರ್ಪು ಕೊಡದಂತೆ ಲೋಟಕ್ಕೆ ಕಾಗದ ಸುತ್ತಿರಿ. ಇದೇ ಕ್ರಮವನ್ನು ಜೋನಿಬೆಲ್ಲಕ್ಕೂ ಜೇನಿಗೂ ಕೊಬ್ಬರಿ ಎಣ್ಣೆಗೂ ಅನ್ವಯಿಸಬಹುದು.

ಇಷ್ಟು ಮಾಡಿದರೆ ನಿಮ್ಮ ಕೈಗೆ ಬರುವುದು ಏನು? ಯಾರ ಮನೆಯ ಸಿಪ್ಪೆ ಏಕೆ ಚೆನ್ನಾಗಿದೆ, ಯಾರು ಎಷ್ಟು ದಿನ ಒಣಗಿಸಿದರು, ಯಾವ ಮರದ ಹಣ್ಣು ಎಂಬ ಲೆಕ್ಕ. ಹತ್ತು ಮನೆಯವರು ಹೀಗೆ ಚೀಲಚೀಲವನ್ನೂ ಬೇರೆ ಇಟ್ಟು, ಚೀಟಿ ಕಟ್ಟಿ, ಒಟ್ಟಾಗಿ ಕೊಳ್ಳುವವನ ಮುಂದೆ ಹೋದರೆ ಮಾತಿನ ದಾಟಿಯೇ ಬೇರೆಯಾಗುತ್ತದೆ. 'ಎಲ್ಲ ಒಂದೇ ಮಾಲು' ಎಂದು ಅವನು ಹೇಳಲಾರ. ಬೆರೆಸಬೇಕಾದರೆ ನಿಮ್ಮ ಅಳತೆಯಂತೆ ನೀವೇ ಬೆರೆಸಿ, ನಿಮ್ಮ ಊರಿನ ಹೆಸರು ಹಾಕಿ ಕೊಡಬಹುದು. ಬೆರೆಸುವವನ ಕೈಯಲ್ಲಿ ಬೆಲೆಯೂ ಇರುತ್ತದೆ. ಇಲ್ಲಿಯವರೆಗೆ ಆ ಕೈ ನಿಮ್ಮದಾಗಿರಲಿಲ್ಲ.

ಎರಡು ಎಚ್ಚರಿಕೆಯ ಮಾತು

ಮೊದಲನೆಯದು: ಈ ಲೇಖನ ಓದಿ ಯಾರೂ ಮನೆಯಲ್ಲಿ ಗೇರುಹಣ್ಣು, ಮುರುಗಲು ಹುದುಗಿಸಿ ಮದ್ಯ ಮಾಡಲು ಹೋಗಬಾರದು. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಪಕ್ಕದ ಗೋವೆಯಲ್ಲಿ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿನ ಕಾನೂನು ಬೇರೆ, ನಮ್ಮದು ಬೇರೆ. ಕುಡಿತದಿಂದ ಹಾಳಾದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಕಲಿಯಬೇಕಾದದ್ದು ರುಚಿಯ ಲೆಕ್ಕವನ್ನು ಮಾತ್ರ.

ಎರಡನೆಯದು: ಸಿಪ್ಪೆಯ ಬಣ್ಣ ಹೆಚ್ಚಿಸಲು ಕೃತಕ ಬಣ್ಣ ಹಾಕುವ ಆಸೆಗೆ ಬೀಳಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಒಬ್ಬರ ತಪ್ಪಿಗೆ ಊರಿಗೇ ಕೆಟ್ಟ ಹೆಸರು. ಒಟ್ಟಾಗಿ ಮಾರುವವರಿಗೆ ಒಟ್ಟಾಗಿ ಕಾಯುವ ಹೊಣೆಯೂ ಇದೆ.

ಒಂದು ಬಿಳಿ ವೈನು ಮಾಡಲು 144 ಸಲ ರುಚಿ ನೋಡಿದವರು ಅದಕ್ಕೆ 'ಸ್ವಲ್ಪ ಸ್ವಲ್ಪವಾಗಿ' ಎಂದು ಹೆಸರಿಟ್ಟರು. ನಿಮಗೆ ಅಷ್ಟು ಸಲ ಬೇಕಾಗಿಲ್ಲ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ. ಬರುವ ಹಂಗಾಮಿಗೆ ಮರಮರಕ್ಕೂ ಒಂದು ಬುಟ್ಟಿ, ಬುಟ್ಟಿಗೊಂದು ಚೀಟಿ ಇಡಿ. ಒಣಗಿಸುವಾಗ ಚೀಟಿ ಕಳೆಯದಂತೆ ನೋಡಿಕೊಳ್ಳಿ. ಉಳಿದದ್ದನ್ನು ನಿಮ್ಮ ನಾಲಿಗೆಯೇ ಹೇಳುತ್ತದೆ.